ಮೂರನೇ ಕಣ್ಣಿನ ಲೆಕ್ಕ ಕೂಡಲ್ಲ ಸಾರ್

(ಕಳೆದ ಸಂಚಿಕೆಯ ನಿದ್ದೆ-ಮೆಲಟೋನಿನ್ ಲೇಖನ ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ಪೀನಿಯಲ್ ಗ್ರಂಥಿ ಬಗ್ಗೆ ಅಷ್ಟೆಲ್ಲ ಬರೆದು ಡಿಎಂಟಿ ಯಾಕೆ ಬಿಟ್ರಿ? ಸಾಯುವಾಗ, ಧ್ಯಾನದಲ್ಲಿ ಅದು ಅಲ್ಲಿಂದಲೇ ಸುರಿಯೋದು, ಮೂರನೇ ಕಣ್ಣು ಅಂದ್ರೆ ಅದೇ ಅಂತ ವಿಜ್ಞಾನಿಗಳೇ ಒಪ್ಪಿದಾರಲ್ಲ? ನಮ್ಮ ಅಳಿಯ ಪೆರುಗೆ ಹೋಗಿ ಅಯಾಹುವಾಸ್ಕಾ ಕುಡೀತೀನಿ ಅಂತಿದಾನೆ.")

ಒಪ್ಪಿಲ್ಲ ಸಾರ್. ಡಿಎಂಟಿ ಅಂದ್ರೆ ಇಲ್ಲದ್ದನ್ನ ಕಣ್ಮುಂದೆ ತೋರಿಸೋ ಅಮಲಿನ ರಾಸಾಯನಿಕ, ಪೀನಿಯಲ್ ಅಂದ್ರೆ ಮೆದುಳೊಳಗಿನ ಪುಟ್ಟ ಗ್ರಂಥಿ, ಅಯಾಹುವಾಸ್ಕಾ ಅಂದ್ರೆ ಡಿಎಂಟಿ ಇರೋ ಅಮೆಜಾನ್ ಕಷಾಯ. ಆ ವಾಟ್ಸಾಪ್ ಫಾರ್ವರ್ಡ್ ನಂಗೂ ಬಂದಿದೆ. ಅದರ ಮೂಲ ರಿಕ್ ಸ್ಟ್ರಾಸ್‌ಮನ್ ಅನ್ನೋ ಮನೋವೈದ್ಯರು, 1990ರ ದಶಕದ ಮೊದಲರ್ಧದಲ್ಲಿ ನ್ಯೂ ಮೆಕ್ಸಿಕೊ ಯೂನಿವರ್ಸಿಟಿಲಿ ಸುಮಾರು 60 ಜನಕ್ಕೆ ಡಿಎಂಟಿ ಇಂಜೆಕ್ಷನ್ ಕೊಟ್ಟು ಗಮನಿಸಿದವರು. ಪ್ರಯೋಗ ಗಟ್ಟಿ, ಪೀನಿಯಲ್ ಮಾತು ಮಾತ್ರ ಊಹೆ, ಊಹೆ ಅಂತ ಅವರೇ ಹೇಳಿದ್ರು, ಫಾರ್ವರ್ಡ್ ಮಾಡೋರು ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕಳಿಸ್ತಾರೆ.

ಲೆಕ್ಕ ಹಾಕಿ ನೋಡಿ. ಡಿಎಂಟಿ ಅಮಲು ಜೋರಾಗಿ ಏರಬೇಕು ಅಂದ್ರೆ ಸುಮಾರು 25 ಮಿಲಿಗ್ರಾಂ ಒಂದೇ ಸಲಕ್ಕೆ ರಕ್ತಕ್ಕೆ ಹೋಗ್ಬೇಕು. ಪೀನಿಯಲ್ ಗ್ರಂಥಿಯ ತೂಕವೇ 0.2 ಗ್ರಾಂ ಒಳಗೆ, ಅದರ ಮುಖ್ಯ ಕೆಲಸವಾದ ಮೆಲಟೋನಿನ್‌ನೇ (ನಿದ್ದೆಯ ಹಾರ್ಮೋನ್) ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಮಾಡುತ್ತೆ, ಅಂದ್ರೆ ಆ 25 ಮಿಲಿಗ್ರಾಂನ ಎಂಟುನೂರರಲ್ಲಿ ಒಂದು ಪಾಲೂ ಇಲ್ಲ. ಇನ್ನು 2019ರಲ್ಲಿ ಮಿಷಿಗನ್ ಯೂನಿವರ್ಸಿಟಿಯವರು ಇಲಿಗಳ ಮೆದುಳಲ್ಲಿ ಡಿಎಂಟಿ ಇರೋದನ್ನ ತೋರಿಸಿದ್ರು, ಹೃದಯ ನಿಂತಾಗ ಅದು ಏರಿದ್ದೂ ನಿಜ, ಆದ್ರೆ ಪೀನಿಯಲ್ ತೆಗೆದುಹಾಕಿದ ಇಲಿಗಳಲ್ಲೂ ಹಾಗೇ ಆಯ್ತಲ್ಲ!

ನನ್ನ ಕೇಳಿದ್ರೆ ಇದರಲ್ಲಿ ನಿಜವಾದ ಅಚ್ಚರಿ ಇರೋದು ಹೊಟ್ಟೇಲಿ. ಹಂಗೇರಿಯ ಸಂಶೋಧಕ ಸ್ಟೀಫನ್ ಸಾರಾ ಎಲ್‌ಎಸ್‌ಡಿ (ಇಂಥದ್ದೇ ಇನ್ನೊಂದು ಅಮಲಿನ ರಾಸಾಯನಿಕ) ಕೇಳಿದ್ದಕ್ಕೆ ಸ್ವಿಸ್ ಕಂಪನಿ ಕೊಡಲ್ಲ ಅಂತು, ಕಮ್ಯುನಿಸ್ಟ್ ದೇಶ ಅಂತ, ಸರಿ ಅಂತ ಅವರು ತಾವೇ ಡಿಎಂಟಿ ತಯಾರಿಸಿ ನುಂಗಿದ್ರು, ಏನೂ ಆಗ್ಲಿಲ್ಲ, 1956ರಲ್ಲಿ ಸ್ನಾಯುವಿಗೆ ಚುಚ್ಚಿಕೊಂಡ್ರು, ಕೆಲವೇ ನಿಮಿಷದಲ್ಲಿ ಕಣ್ಮುಂದೆ ಬಣ್ಣಬಣ್ಣದ ವಿನ್ಯಾಸಗಳು. ಯಾಕಂದ್ರೆ ಕರುಳು, ಲಿವರ್‌ನಲ್ಲಿ ಮೊನೊಅಮೀನ್ ಆಕ್ಸಿಡೇಸ್ ಅನ್ನೋ ಎನ್‌ಜೈಮ್ ಇದೆ, ನುಂಗಿದ ಡಿಎಂಟಿನ ಮೆದುಳು ಮುಟ್ಟೋಕೆ ಮೊದಲೇ ಒಡೆದುಹಾಕುತ್ತೆ. ಅಮೆಜಾನ್ ಕಾಡಿನ ಜನ ಈ ಸಮಸ್ಯೆನ ಯಾವತ್ತೋ ಬಗೆಹರಿಸಿದ್ರು! ಚಕ್ರೂನಾ ಗಿಡದ ಎಲೇಲಿ ಡಿಎಂಟಿ, ಬನಿಸ್ಟೆರಿಯಾಪ್ಸಿಸ್ ಬಳ್ಳೀಲಿ ಆ ಎನ್‌ಜೈಮ್‌ನ ಕಟ್ಟಿಹಾಕೋ ಹಾರ್ಮಿನ್, ಎರಡನ್ನೂ ಗಂಟೆಗಟ್ಟಲೆ ಕುದಿಸಿದ್ರೆ ಅಯಾಹುವಾಸ್ಕಾ. ಇಂಜೆಕ್ಷನ್ನಿನ ಅಮಲು ಅರ್ಧ ಗಂಟೇಲಿ ಇಳಿದ್ರೆ ಇದು ಗಂಟೆಗಳ ಲೆಕ್ಕ, ಜೊತೆಗೆ ವಾಂತಿ.

ಅಳಿಯಂದ್ರ ವಿಷಯಕ್ಕೆ ಬರ್ತೀನಿ. ಪೆರುನಲ್ಲಿ ಅದು ಸಂಪ್ರದಾಯ, ಕಾನೂನಿನ ಅಡ್ಡಿ ಇಲ್ಲ. ನಮ್ಮಲ್ಲಿ ಡಿಎಂಟಿ 1985ರ ಮಾದಕವಸ್ತು ಕಾಯ್ದೆ (ಎನ್‌ಡಿಪಿಎಸ್) ಪಟ್ಟೀಲಿದೆ, ಬರ್ತಾ ಪುಡಿ-ಗಿಡಿ ತಂದ್ರೆ ಜೈಲೇ. ಅದಕ್ಕಿಂತ ಮುಖ್ಯ, ಅವರು ಡಿಪ್ರೆಶನ್‌ಗೆ ಮಾತ್ರೆ ತಗೋತಾರಾ ಕೇಳಿ. ಆ ಬಳ್ಳಿ ಜೊತೆ ಅಂಥ ಮಾತ್ರೆ ಸೇರಿದ್ರೆ ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಅತಿಯಾಗಿ ಜ್ವರ, ಸೆಟೆತ, ಕೆಲವೊಮ್ಮೆ ಜೀವಕ್ಕೇ ಅಪಾಯ. ಹಾಗಂತ ಮಾತ್ರೆನ ತಾವಾಗೇ ನಿಲ್ಲಿಸೋದೂ ಬೇಡ, ಟಿಕೆಟ್ ಬುಕ್ ಮಾಡೋ ಮುಂಚೆ ಡಾಕ್ಟ್ರನ್ನ ಕಾಣಲಿ.

– ಸಂ.