ಮಕ್ಕಳು ತರಕಾರಿ ಮುಟ್ಟಲ್ಲ, ಆಟಕ್ಕೂ ಏಳಲ್ಲ ಅಂದವರಿಗೆ

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ನಾಲ್ಕು ವರ್ಷದ ಮಗಳಿಗೆ ಹಾಲು ಬಿಟ್ಟರೆ ಬೇರೇನೂ ಬೇಡ. ಏಳು ವರ್ಷದ ಮಗ ಹಸಿರು ಕಂಡರೆ ತಟ್ಟೆ ಆಚೆ ತಳ್ಳುತ್ತಾನೆ. ಕೈಯಲ್ಲಿ ಮೊಬೈಲ್ ಇದ್ದರಷ್ಟೇ ಇಬ್ಬರ ಬಾಯಿಗೂ ತುತ್ತು ಹೋಗುತ್ತದೆ, ಊಟ ಆದ ಮೇಲೂ ಜಾಗ ಬಿಟ್ಟು ಏಳುವುದಿಲ್ಲ. ಕೈತೋಟದಿಂದ ಏನಾದರೂ ದಾರಿ ಸಿಗುತ್ತದಾ, ಯಾವ ಗಿಡ ಹಾಕಲಿ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ. ಆದರೆ ಮೊದಲು ಊಟದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇಲ್ಲದಿದ್ದರೆ ಗಿಡ ಚೆನ್ನಾಗಿ ಬೆಳೆಯುತ್ತದೆ, ಊಟದ ಜಗಳ ಮಾತ್ರ ಹಾಗೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾ ಶಾಲೆಯ ತೋಟವನ್ನೂ ನೋಡಿಕೊಂಡವಳು ನಾನು. ಉತ್ತರ ಉದ್ದವಾಗುತ್ತದೆ, ನಿಧಾನವಾಗಿ ಓದಿ.

ಮೊದಲನೆಯದು, ಮಗಳು ತಿನ್ನುವುದೇ ಇಲ್ಲ ಎಂಬ ಭಯ. ಮಗು ಹುಟ್ಟಿದಾಗ ಇದ್ದ ತೂಕ ಒಂದು ವರ್ಷದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ಈ ಓಟ ನಿಲ್ಲುತ್ತದೆ. ಆಮೇಲೆ ವರ್ಷಕ್ಕೆ ಎರಡು ಕೆಜಿ ಆಸುಪಾಸು ಏರಿದರೆ ಸಾಕು. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆಯಾಗುತ್ತದೆ, ಅದು ಸಹಜ. ಎರಡರಿಂದ ಆರು ವರ್ಷದ ತನಕ ಹೊಸ ತಿಂಡಿ ಕಂಡರೆ ಬೇಡ ಅನ್ನುವುದೂ ಸಹಜ. ಜೊತೆಗೆ ಕಹಿ ರುಚಿ ನಮಗಿಂತ ಮಕ್ಕಳಿಗೆ ಜಾಸ್ತಿ ತಟ್ಟುತ್ತದೆ. ಸೊಪ್ಪು ಬೇಡ ಎಂದು ಮಗ ಮುಖ ತಿರುಗಿಸಿದರೆ ಅದರಲ್ಲಿ ಹಟ ಎಷ್ಟೋ, ನಾಲಿಗೆಯ ಪಾಲೂ ಅಷ್ಟೇ ಇರುತ್ತದೆ.

ಮಗಳ ಹಾಲನ್ನು ಮಾತ್ರ ಇವತ್ತೇ ಅಳೆಯಿರಿ. ದಿನಕ್ಕೆ ಅರ್ಧ ಲೀಟರ್ ಆಸುಪಾಸಿನಲ್ಲಿ ನಿಲ್ಲಿಸಿ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹೊಟ್ಟೆ ತುಂಬಾ ಹಾಲು ಕುಡಿದ ಮಗುವಿಗೆ ಊಟಕ್ಕೆ ಜಾಗವೂ ಇರುವುದಿಲ್ಲ, ರಕ್ತಹೀನತೆಯೂ ಬರಬಹುದು. ಬಾಟಲಿಯಲ್ಲಿ ಕೊಡುತ್ತಿದ್ದರೆ ಲೋಟಕ್ಕೆ ಬದಲಾಯಿಸಿ, ಊಟಕ್ಕೆ ಮುಂಚೆ ಕೊಡಬೇಡಿ. ಎಷ್ಟೋ ಮಕ್ಕಳು ಇದೊಂದೇ ಬದಲಾವಣೆಯಿಂದ ಊಟ ಕೇಳುವುದನ್ನು ನೋಡಿದ್ದೇನೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಒಂದು ಹಂಚಿಕೆ ಇದೆ. ಏನು ಬಡಿಸಬೇಕು, ಯಾವಾಗ, ಎಲ್ಲಿ, ಇದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ, ಇದು ಮಗುವಿನ ಕೆಲಸ. ಓದಲು ಸುಲಭ, ಮಾಡಲು ಗಟ್ಟಿ ಮನಸ್ಸು ಬೇಕು. ನಾವು ನಮ್ಮ ಕೆಲಸ ಸಡಿಲ ಬಿಟ್ಟು, ಕೇಳಿದಾಗೆಲ್ಲ ಬಿಸ್ಕತ್ತು ಕೊಟ್ಟು, ಮಗುವಿನ ಕೆಲಸಕ್ಕೆ ಕೈ ಹಾಕುತ್ತೇವೆ. ಇನ್ನೊಂದು ತುತ್ತು, ಇನ್ನೊಂದೇ ತುತ್ತು ಎಂದು ಹಿಂದೆ ಬೀಳುತ್ತೇವೆ. ಆಗ ಊಟ ಅಂದರೆ ಗೆಲ್ಲಬೇಕಾದ ಆಟ ಎಂದು ಮಗು ಕಲಿಯುತ್ತದೆ.

ಹಾಗಾಗಿ ಮೂರು ಊಟ, ನಡುವೆ ಎರಡು ಸಲ ಚಿಕ್ಕ ತಿಂಡಿ, ಸಮಯ ಗೊತ್ತು ಮಾಡಿ. ಮಧ್ಯೆ ನೀರು ಮಾತ್ರ. ಪ್ರತಿ ಊಟದಲ್ಲೂ ಮಗುವಿಗೆ ಗೊತ್ತಿರುವ, ತಿನ್ನುವ ಪದಾರ್ಥ ಒಂದಾದರೂ ತಟ್ಟೆಯಲ್ಲಿರಲಿ. ಹೊಸದನ್ನು ಅದರ ಪಕ್ಕ ಸ್ವಲ್ಪವೇ ಇಡಿ. ಎಷ್ಟು ಬಡಿಸಬೇಕು ಎಂಬುದಕ್ಕೆ ಒಂದು ಅಂದಾಜು ಹೇಳುತ್ತಾರೆ, ಪ್ರತಿ ಪದಾರ್ಥವೂ ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ದೊಡ್ಡ ಚಮಚ. ಬೇಕಾದರೆ ಮತ್ತೆ ಕೇಳುತ್ತಾರೆ. ದೊಡ್ಡ ಗುಡ್ಡೆ ಕಂಡರೆ ಪುಟ್ಟ ಮಕ್ಕಳು ಅಲ್ಲೇ ಸೋತು ಹೋಗುತ್ತಾರೆ. ಅರ್ಧ ಗಂಟೆ ಆದ ಮೇಲೆ ತಟ್ಟೆ ತೆಗೆಯಿರಿ. ಬೈಯಬೇಡಿ, ಬೇಸರದ ಮುಖವನ್ನೂ ತೋರಿಸಬೇಡಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ತಿಂಡಿಯ ಹೊತ್ತು ಬಂದೇ ಬರುತ್ತದೆ.

ಮಗುವಿಗೇ ಬಿಟ್ಟರೆ ಸಿಹಿ ಮಾತ್ರ ತಿನ್ನುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ 1920 ಮತ್ತು 30ರ ದಶಕಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಆಗಷ್ಟೇ ಎದೆಹಾಲು ಬಿಟ್ಟ 15 ಮಕ್ಕಳ ಮುಂದೆ ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮಾಂಸ, ಹಾಲು ಹೀಗೆ ನಾನಾ ಬಗೆ ಇಟ್ಟು, ಯಾರೂ ಒತ್ತಾಯ ಮಾಡದೆ ಬಿಟ್ಟರು. ಒಂದೊಂದು ಮಗು ಒಂದೊಂದು ಥರ ಆರಿಸಿತು, ಒಂದು ದಿನದ ಹಾಗೆ ಇನ್ನೊಂದು ದಿನ ಇರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ಗಮನಿಸಬೇಕಾದದ್ದು ಒಂದೇ, ಆ ಪಟ್ಟಿಯಲ್ಲಿ ಸಕ್ಕರೆ ಹಾಕಿದ ತಿಂಡಿ ಇರಲೇ ಇಲ್ಲ. ಪಟ್ಟಿ ಮಾಡಿದವರು ದೊಡ್ಡವರು, ಅದರಲ್ಲಿ ಆರಿಸಿದ್ದು ಮಕ್ಕಳು. ಮನೆಯಲ್ಲೂ ಹಾಗೇ ಮಾಡಬಹುದು. ಬಿಸ್ಕತ್ತು ಡಬ್ಬಿಯನ್ನು ಎತ್ತರದಲ್ಲಿಟ್ಟು ದಿನವೂ ಕಾವಲು ಕಾಯುವುದಕ್ಕಿಂತ, ಮನೆಗೆ ತರುವುದನ್ನೇ ಕಡಿಮೆ ಮಾಡುವುದು ಸುಲಭ. ಕಣ್ಣೆದುರು ಇಟ್ಟು ಬೇಡ ಅಂದರೆ ಆಸೆ ಹೆಚ್ಚುತ್ತದೆ.

ಸೊಪ್ಪು ತಿಂದರೆ ಚಾಕೊಲೇಟ್ ಕೊಡ್ತೀನಿ ಅನ್ನಿ ಎಂಬ ಸಲಹೆ ಬಂದಿದೆಯಲ್ಲ, ದಯವಿಟ್ಟು ಬೇಡ. ಬಹುಮಾನ ಕೊಟ್ಟು ತಿನ್ನಿಸಿದ ಪದಾರ್ಥದ ಮೇಲೆ ಮಕ್ಕಳಿಗೆ ಇಷ್ಟ ಕಡಿಮೆಯಾಗುತ್ತದೆ ಎಂದು ಲಿಯಾನ್ ಬರ್ಚ್ ಎಂಬ ಸಂಶೋಧಕಿ 1980ರ ದಶಕದಲ್ಲೇ ತೋರಿಸಿದ್ದಾರೆ. ಮಗುವಿನ ಕಡೆಯಿಂದ ಯೋಚಿಸಿ. ಇದನ್ನು ತಿನ್ನಲು ಲಂಚ ಕೊಡಬೇಕು ಅಂದರೆ ಇದು ಕೆಟ್ಟದ್ದೇ ಇರಬೇಕು, ಆ ಚಾಕೊಲೇಟ್ ತುಂಬಾ ಒಳ್ಳೆಯದಿರಬೇಕು, ಅಲ್ವಾ? ಕ್ಯಾರೆಟ್ ರುಬ್ಬಿ ಹಿಟ್ಟಿಗೆ ಸೇರಿಸುವುದು ಒಳ್ಳೆಯದೇ, ಹೊಟ್ಟೆಗೆ ಹೋಗುತ್ತದೆ. ಆದರೆ ಅದರಿಂದ ಮಗು ಕ್ಯಾರೆಟ್ ತಿನ್ನಲು ಕಲಿಯುವುದಿಲ್ಲ. ಹಾಗಾಗಿ ಅದೇ ಊಟದಲ್ಲಿ ಒಂದು ತುಂಡು ಕ್ಯಾರೆಟ್ ತಟ್ಟೆಯಲ್ಲೂ ಕಾಣಲಿ.

ಈಗ ತೋಟಕ್ಕೆ ಬರೋಣ. ಒಂದು ತರಕಾರಿ ಮಗುವಿಗೆ ಒಗ್ಗಲು ಹತ್ತು ಹದಿನೈದು ಸಲ ಎದುರಿಗೆ ಬರಬೇಕಾಗಬಹುದು. ಮೂರು ನಾಲ್ಕು ಸಲ ಇಟ್ಟು, ಇವನಿಗೆ ಆಗಲ್ಲ ಎಂದು ನಾವೇ ಕೈ ಬಿಡುತ್ತೇವೆ. ಮುಟ್ಟುವುದು, ಮೂಸುವುದು, ನೆಕ್ಕಿ ಉಗುಳುವುದು ಎಲ್ಲವೂ ಈ ಪರಿಚಯದ ಮೆಟ್ಟಿಲುಗಳೇ. ತಟ್ಟೆಯ ಮುಂದೆ ಕೂತಾಗ ಇದನ್ನೆಲ್ಲ ಮಾಡಲು ನಾವು ಬಿಡುವುದಿಲ್ಲ. ತೋಟದಲ್ಲಿ ಎಲೆ ಕಿಳ್ಳಿ ಬೆರಳಲ್ಲಿ ಉಜ್ಜಿ ಮೂಸಿದರೆ ಯಾರೂ ಬೈಯುವುದಿಲ್ಲ. ತಿನ್ನು ಅನ್ನುವವರೂ ಅಲ್ಲಿ ಇರಬಾರದು. ಇದನ್ನು ಒತ್ತಿ ಹೇಳುತ್ತೇನೆ ಮೇಡಂ, ತೋಟದಲ್ಲಿ ನಿಂತು ಒಮ್ಮೆಯೂ ತಿನ್ನು ಅನ್ನಬೇಡಿ. ನೀವೇ ಒಂದು ಕಾಯಿ ಕಿತ್ತು, ತೊಳೆದು, ಸುಮ್ನೆ ತಿನ್ನಿ. ಕೈ ಚಾಚಿದರೆ ಕೊಡಿ.

ಗಿಡ ಆರಿಸುವಾಗ ಬೇಗ ಬರುವುದು ಒಂದು, ಸಿಹಿಯಾಗಿರುವುದು ಒಂದು ಇರಲಿ. ಮೂಲಂಗಿ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ಪುಟ್ಟ ಗುಂಡು ತಳಿ ತಿಂಗಳ ಆಸುಪಾಸಿಗೆ ಕೀಳಲು ಸಿಗುತ್ತದೆ. ಖಾರ ಇರುವುದರಿಂದ ಮಕ್ಕಳು ತಿನ್ನದೆ ಇರಬಹುದು, ಪರವಾಗಿಲ್ಲ. ಮಣ್ಣಿನಿಂದ ಎಳೆದಾಗ ಕೆಂಪು ಗಡ್ಡೆ ಹೊರಗೆ ಬರುತ್ತದಲ್ಲ, ಅದಕ್ಕಾಗಿಯೇ ಹಾಕಿ. ರುಚಿಗೆ ಬಟಾಣಿ ಮತ್ತು ಚೆರ್ರಿ ಟೊಮ್ಯಾಟೊ. ಬಟಾಣಿಗೆ ತಂಪು ಹವೆ ಬೇಕು, ಟೊಮ್ಯಾಟೊಗೆ ಬಿಸಿಲು ಬೇಕು. ಟೊಮ್ಯಾಟೊ ಸಸಿಯನ್ನೇ ತಂದು ನೆಟ್ಟರೆ ಎರಡು ತಿಂಗಳ ಹೊತ್ತಿಗೆ ಹಣ್ಣು ಬಿಡುತ್ತದೆ. ಪಾಲಕ್ ಒಂದು ಕುಂಡ ಇರಲಿ, ಎಳೆ ಎಲೆ ಕಹಿ ಇರುವುದಿಲ್ಲ. ಮಗಳಿಗೊಂದು, ಮಗನಿಗೊಂದು ಸ್ವಂತ ಕುಂಡ ಕೊಡಿ, ಹೆಸರು ಬರೆಸಿ. ಯಾರದ್ದು ಬೇಗ ಬಂತು ಎಂಬ ಪೈಪೋಟಿ ಮಾತ್ರ ಬೇಡ. ಸೋತ ಮಗು ಮರುದಿನ ತೋಟಕ್ಕೆ ಬರುವುದಿಲ್ಲ.

ಕಿತ್ತ ಮೇಲೆ ಕೆಲಸ ಅಲ್ಲಿಗೇ ನಿಲ್ಲಬಾರದು. ತೊಳೆಯುವುದು, ಬಟಾಣಿ ಬಿಡಿಸುವುದು, ಸೊಪ್ಪು ಹರಿಯುವುದು ನಾಲ್ಕು ವರ್ಷದ ಮಗುವಿನ ಕೈಲಾಗುತ್ತದೆ. ಏಳು ವರ್ಷದವನು ನೀವು ಪಕ್ಕದಲ್ಲಿದ್ದರೆ ಮೆತ್ತನೆಯ ತರಕಾರಿ ಹೆಚ್ಚಬಹುದು. ಬಡಿಸುವ ಕೆಲಸವನ್ನೂ ಅವರಿಗೇ ಕೊಡಿ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ, ರುಚಿಯೂ ತಿಳಿಯುವುದಿಲ್ಲ. ಎಲ್ಲ ಊಟದಲ್ಲೂ ಒಟ್ಟಿಗೆ ಬಿಡಿಸಲು ಹೋಗಬೇಡಿ. ಎಲ್ಲರೂ ಮನೆಯಲ್ಲಿರುವ ಒಂದು ಊಟ ಆರಿಸಿ, ಅಲ್ಲಿಂದ ಶುರು ಮಾಡಿ. ದೊಡ್ಡವರ ಮೊಬೈಲೂ ಬೇರೆ ಕೋಣೆಯಲ್ಲಿರಲಿ. ಮೊದಲ ಕೆಲವು ದಿನ ಕಡಿಮೆ ತಿನ್ನುತ್ತಾರೆ, ಅತ್ತು ರಂಪ ಮಾಡುತ್ತಾರೆ. ಅಲ್ಲಿ ನೀವು ಸೋಲಬಾರದು.

ವ್ಯಾಯಾಮ ಮಾಡಿಸಿ ಎಂದವರಿಗೂ ಒಂದು ಮಾತು. ಚಿಕ್ಕ ಮಕ್ಕಳಿಗೆ ವ್ಯಾಯಾಮ ಎಂದು ಬೇರೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಹೀಗಿದೆ: ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು. ಕೂತು ಪರದೆ ನೋಡುವುದು 1 ಗಂಟೆ ಮೀರಬಾರದು, ನಿದ್ದೆ 10ರಿಂದ 13 ಗಂಟೆ. ನಿಮ್ಮ ಮಗನ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವ ಆಟ, ವಾರಕ್ಕೆ ಮೂರು ದಿನವಾದರೂ ಜಿಗಿಯುವ, ಹತ್ತುವ, ಓಡುವ ಆಟ, ಇದರಿಂದ ಮೂಳೆಗೆ ಬಲ ಬರುತ್ತದೆ. 180 ನಿಮಿಷ ಕೇಳಿ ಗಾಬರಿಯಾಗಬೇಡಿ. ಅದು ಒಂದೇ ಸಲಕ್ಕೆ ಅಲ್ಲ, ಇಡೀ ದಿನದಲ್ಲಿ ತುಂಡು ತುಂಡಾಗಿ ಸೇರುವ ಲೆಕ್ಕ. ಮಕ್ಕಳು ಆಡುವುದೇ ಹಾಗೆ, ಸ್ವಲ್ಪ ಓಡುತ್ತಾರೆ, ಕೂರುತ್ತಾರೆ, ಮತ್ತೆ ಓಡುತ್ತಾರೆ.

ತೋಟದ ಕೆಲಸ ಇದಕ್ಕೆ ಚೆನ್ನಾಗಿ ಒದಗುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಮಗಳಿಗೆ ಲೀಟರಿನ ಪುಟ್ಟ ಕ್ಯಾನ್ ಕೊಡಿ, ನಲ್ಲಿಯನ್ನು ಕುಂಡದಿಂದ ದೂರದ್ದೇ ಆರಿಸಿ. ಹತ್ತು ಸಲ ಓಡಾಡಲಿ. ಮಗ ಮಣ್ಣು ಅಗೆಯಲಿ, ಒಣ ಎಲೆ ಹೊರಲಿ, ಕಳೆ ಕೀಳಲಿ. ಕೂತು ಏಳುವುದು, ಬಗ್ಗುವುದು, ಎಳೆಯುವುದು ಎಲ್ಲ ಅದರಲ್ಲೇ ಬರುತ್ತದೆ. ಆದರೆ ತೋಟದ ಕೆಲಸ ಓಟಕ್ಕೆ ಬದಲಿ ಅಲ್ಲ, ಒಂದು ಚೆಂಡು ಮತ್ತು ಹಗ್ಗ ಮನೆಯಲ್ಲಿರಲಿ. ಹಗ್ಗ ಜಿಗಿತ ಏಳರ ಮಗನಿಗೆ ಸರಿ, ಮಗಳಿಗೆ ದೊಡ್ಡ ಮೆತ್ತನೆಯ ಚೆಂಡು ಹಿಡಿಯುವ ಆಟ ಸಾಕು. ನೀವೂ ಜೊತೆಗೆ ಆಡಿ, ಕಾಲು ಗಂಟೆಯಾದರೂ ಸರಿ. ತಪ್ಪು ಮಾಡಿದ್ದಕ್ಕೆ ಓಡಿಸುವುದು, ಬಸ್ಕಿ ಹೊಡೆಸುವುದು ಬೇಡ. ದಪ್ಪಗಿದ್ದೀಯ, ಸಣ್ಣಗಿದ್ದೀಯ ಎಂಬ ಮಾತು ಮಕ್ಕಳ ಕಿವಿಗೆ ಬೀಳುವುದೂ ಬೇಡ. ಮಗು ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ.

ಎಚ್ಚರಿಕೆಯ ಮಾತುಗಳನ್ನು ಬಿಡದೆ ಓದಿ. ಗುಲಾಬಿ ಅಥವಾ ಬೇರೆ ಗಾಢ ಬಣ್ಣ ಮೆತ್ತಿದ ಬೀಜಕ್ಕೆ ಔಷಧಿ ಲೇಪ ಮಾಡಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ. ಮಕ್ಕಳು ಕಿತ್ತು ತಿನ್ನುವ ಕುಂಡಗಳಿಗೆ ವಿಷದ ಸಿಂಪಡಣೆ ಬೇಡವೇ ಬೇಡ. ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿ ಸಗಣಿ ಹಾಕಬೇಡಿ. ನೀರಿನ ಡ್ರಮ್ಮು, ಬಕೆಟ್ಟು ತೆರೆದಿಡಬೇಡಿ, ಪುಟ್ಟ ಮಗು ಮುಳುಗಲು ಸ್ವಲ್ಪ ನೀರು ಸಾಕು. ಬೀಜ, ಕಾಳು ಮೂಗಿಗೋ ಕಿವಿಗೋ ತೂರಿಸಿಕೊಳ್ಳುವ ವಯಸ್ಸು ಇದು, ಬಿತ್ತುವಾಗ ಪಕ್ಕದಲ್ಲೇ ಇರಿ. ರಾಜ್ಮಾದಂಥ ಕಾಳನ್ನು ಹಸಿಯಾಗಿ ಅಗಿಯಲು ಬಿಡಬೇಡಿ, ಬೇಯಿಸದಿದ್ದರೆ ಅದು ವಿಷಕಾರಿ. ಐದು ವರ್ಷದ ಒಳಗಿನವರಿಗೆ ಬಾದಾಮಿ, ಗೋಡಂಬಿ ಇಡಿಯಾಗಿ ಕೊಡಬಾರದು. ದ್ರಾಕ್ಷಿ, ಚೆರ್ರಿ ಟೊಮ್ಯಾಟೊ ಉದ್ದಕ್ಕೆ ನಾಲ್ಕು ಹೋಳು ಮಾಡಿ, ಹಸಿ ಕ್ಯಾರೆಟ್ ತುರಿದು ಕೊಡಿ. ಓಡುತ್ತಾ ತಿನ್ನುವುದು ಬೇಡ. ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಮಗಳು ಮಣ್ಣನ್ನೇ ತಿನ್ನಲು ಶುರು ಮಾಡಿದರೆ, ಪದೇ ಪದೇ ತಿಂದರೆ, ಗದರಿಸಿ ಬಿಡಬೇಡಿ. ಕಬ್ಬಿಣದ ಕೊರತೆ ಇದ್ದಾಗ ಹಾಗಾಗುವುದುಂಟು, ಡಾಕ್ಟರಿಗೆ ತೋರಿಸಿ. ತೂಕ ಇಳಿಯುತ್ತಿದ್ದರೆ, ತಿನ್ನುವಾಗಲೆಲ್ಲ ಕೆಮ್ಮು ಬಂದರೆ, ಮುಂಚೆ ತಿನ್ನುತ್ತಿದ್ದ ಪದಾರ್ಥಗಳೂ ಒಂದೊಂದಾಗಿ ಬಿಟ್ಟು ಹೋಗುತ್ತಿದ್ದರೆ, ಮುಖ ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ ಆಗಲೂ ಅಷ್ಟೇ. ಟಾನಿಕ್ ತರಿಸಿ ಎಂದು ಇಲ್ಲಿ ಬರೆದವರ ಮಾತು ಕೇಳಿ ನೀವೇ ಕೊಡಬೇಡಿ. ಕಬ್ಬಿಣದ ಔಷಧಿ ಅಳತೆ ಮೀರಿದರೆ ಮಕ್ಕಳ ಜೀವಕ್ಕೇ ಅಪಾಯ.

ಮನೆಯಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ನೀವು ಬರೆದಿಲ್ಲ. ದಿನಕ್ಕೆ ಆರು ಗಂಟೆ ಸಿಕ್ಕರೆ ಟೊಮ್ಯಾಟೊ ಹಾಕಬಹುದು. ಮೂರು ನಾಲ್ಕು ಗಂಟೆ ಮಾತ್ರ ಅಂದರೆ ಪಾಲಕ್‌ನಿಂದ ಶುರು ಮಾಡೋಣ. ಕುಂಡ ಎಷ್ಟು ಆಳ ಇದೆ ಎಂಬುದನ್ನೂ ತಿಳಿಸಿ, ಯಾವುದನ್ನು ಮೊದಲು ಬಿತ್ತಬೇಕು ಎಂದು ಹೇಳುತ್ತೇನೆ.