ಹೃದಯದ ಬ್ಲಾಕ್‌ಗೆ ಸ್ಟೆಂಟ್ ಬದಲು ಲೇಸರ್ ಮಾಡಿಸಬಹುದೇ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ನಿಮ್ಮ ತಂದೆಯವರಿಗೆ ಹೃದಯದ ಒಂದು ರಕ್ತನಾಳದಲ್ಲಿ ಬ್ಲಾಕ್ ಇದೆ. ವೈದ್ಯರು ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಲೋಹದ ಜಾಲರಿ ಕೊಳವೆ) ಹೇಳಿದ್ದಾರೆ. ತಂದೆಯವರು ಮಾತ್ರ ‘ಮೈಯೊಳಗೆ ಕಬ್ಬಿಣ ಬೇಡ, ಲೇಸರ್‌ನಲ್ಲಿ ಕರಗಿಸಲಿ’ ಎಂದು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ. ಬೆಂಗಳೂರಿನಲ್ಲಿ ಕ್ಯಾಥ್ ಲ್ಯಾಬ್ (ಹೃದಯದ ನಾಳಕ್ಕೆ ತೆಳು ಕೊಳವೆ ಹಾಯಿಸಿ ಚಿಕಿತ್ಸೆ ಮಾಡುವ ಕೊಠಡಿ) ತಂತ್ರಜ್ಞನಾಗಿದ್ದು ಈಗ ಶ್ರೀನಿವಾಸಪುರದಲ್ಲಿ ನೆಲೆಸಿದ್ದೇನೆ.

ಗೋಡೆಗಳ ಮೇಲಿನ ‘ಲೇಸರ್ ಚಿಕಿತ್ಸೆ’ ಜಾಹೀರಾತು ನೋಡಿ ಅವರಿಗೆ ಈ ಆಸೆ ಹುಟ್ಟಿದ್ದರೆ, ಅದು ಬಹುಶಃ ಕಾಲಿನ ವೇರಿಕೋಸ್ ವೇನ್‌ಗೆ, ಅಂದರೆ ಉಬ್ಬಿಕೊಂಡ ರಕ್ತನಾಳಕ್ಕೆ ಸಂಬಂಧಿಸಿದ್ದು. ಅಲ್ಲಿ ಕೆಟ್ಟ ನಾಳವನ್ನು ಮುಚ್ಚುವುದಕ್ಕೆ ಲೇಸರ್ ಬಳಸುತ್ತಾರೆ. ನಿಮ್ಮ ತಂದೆಯವರಿಗೆ ಬೇಕಿರುವುದು ತೆರೆಯುವುದು!

ಹೃದಯಕ್ಕೂ ಲೇಸರ್ ಇದೆ, ಸುಳ್ಳಲ್ಲ. 1980ರ ದಶಕದಲ್ಲಿ ಬಳಸಿದ ಮೊದಲ ಲೇಸರ್‌ಗಳು ವಿಪರೀತ ಬಿಸಿ ಮಾಡಿ ನಾಳದ ಗೋಡೆಯನ್ನೇ ತೂತು ಮಾಡುತ್ತಿದ್ದವು. ಈಗಿನದು ಎಕ್ಸೈಮರ್: 308 ನ್ಯಾನೋಮೀಟರ್‌ನ ನೇರಳಾತೀತ ಬೆಳಕು, ಬಿಟ್ಟು ಬಿಟ್ಟು ಹೊಡೆಯುತ್ತದೆ, ಸುಮಾರು 50 ಮೈಕ್ರಾನ್‌ಗಿಂತ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ಆಳಕ್ಕೆ ಇಳಿಯುವುದಿಲ್ಲ. ಅಮೆರಿಕ ಇದಕ್ಕೆ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಲೇಸರ್ ಹಾಕುವ ದಿನ ಕ್ಯಾಥ್ ಲ್ಯಾಬಿನ ಕಿಟಕಿ ಮುಚ್ಚಿ, ರೋಗಿಯೂ ಸೇರಿದಂತೆ ಒಳಗಿದ್ದ ಎಲ್ಲರಿಗೂ ವಿಶೇಷ ಕನ್ನಡಕ ತೊಡಿಸುತ್ತಾರೆ. ಲೇಸರ್ ಹೊಡೆಯುವ ಮೊದಲು ಕೊಳವೆಗಳಲ್ಲಿ ಉಳಿದ ಡೈಯನ್ನೆಲ್ಲ (ಎಕ್ಸ್‌ರೇಯಲ್ಲಿ ನಾಳ ಕಾಣಲು ಬಿಡುವ ದ್ರವ) ಸಲೈನ್‌ನಿಂದ ತೊಳೆಯಬೇಕು, ಡೈ ತುಂಬಿದ್ದ ಹಳೆಯ ಸಿರಿಂಜನ್ನೂ ಎತ್ತಿಡಬೇಕು. ಡೈ ಈ ಬೆಳಕನ್ನು ಹೀರಿಕೊಂಡು ಗುಳ್ಳೆಯೆದ್ದು ನಾಳವನ್ನು ಸೀಳಬಹುದು. ಸಾಮಾನ್ಯವಾಗಿ ಐದು ಸೆಕೆಂಡು ಹೊಡೆತ, ಹತ್ತು ಸೆಕೆಂಡು ವಿರಾಮ. ಅಷ್ಟರಲ್ಲಿ ಲೇಸರ್ ಒಯ್ಯುವ ತೆಳು ಕೊಳವೆ, ಅಂದರೆ ಕ್ಯಾಥೆಟರ್, ಮುಂದೆ ಸರಿಯುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಪಕ್ಕದಲ್ಲಿ ಸಲೈನ್ ತಳ್ಳುತ್ತ ನಿಂತವರಿಗೆ ಆ ಐದು ಸೆಕೆಂಡು ಬಹಳ ದೊಡ್ಡದು.

ಆದರೆ ಹೃದಯಕ್ಕೆ ಬಳಸುವ ಕ್ಯಾಥೆಟರ್‌ನ ದಪ್ಪ 0.9ರಿಂದ 2 ಮಿಲಿಮೀಟರ್. ಅದು ಕೊರೆಯುವ ದಾರಿಯೂ ಹೆಚ್ಚು ಕಡಿಮೆ ಅಷ್ಟೇ. ಹೃದಯದ ದೊಡ್ಡ ನಾಳಗಳು ಮೂರು ಮಿಲಿಮೀಟರ್ ಆಸುಪಾಸು. ಹೀಗಾಗಿ ಲೇಸರ್ ಆದ ಮೇಲೂ ನಾಳದೊಳಗೆ ಉಬ್ಬಿಸಿ ದಾರಿ ಅಗಲಿಸುವ ಬಲೂನ್ ಹಾಕಲೇಬೇಕು, ಬಹಳ ಸಲ ಸ್ಟೆಂಟನ್ನೂ. ಹಳೆಯ ಸ್ಟೆಂಟ್ ಒಳಗೇ ಮತ್ತೆ ಮುಚ್ಚಿಕೊಂಡಾಗ, ಹಾಕಿದ ಸ್ಟೆಂಟ್ ಪೂರ್ತಿ ಅರಳದಿದ್ದಾಗ, ದಾರಿ ತೋರುವ ತೆಳು ತಂತಿ ಬ್ಲಾಕನ್ನು ದಾಟಿದರೂ ಬಲೂನ್ ದಾಟದಿದ್ದಾಗ ಲೇಸರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸುಣ್ಣಗಟ್ಟಿದ ಬ್ಲಾಕ್‌ಗೆ ವಜ್ರದ ಪುಡಿ ಲೇಪಿಸಿದ, ತಿರುಗುತ್ತ ಕೊರೆಯುವ ರೋಟಾಬ್ಲೇಟರ್ ಅಥವಾ ಆಘಾತ ತರಂಗದ ಬಲೂನ್ ಮೇಲು. ನಿಮ್ಮ ತಂದೆಯವರದು ಮೊದಲ ಸಲದ, ಸಾಮಾನ್ಯ ಬ್ಲಾಕ್ ಆಗಿದ್ದರೆ ಲೇಸರ್‌ಗೆ ದುಡ್ಡು ಸುರಿಯುವುದು ವ್ಯರ್ಥ ಎಂದೇ ನನ್ನ ಅನಿಸಿಕೆ. ಅದರ ಕ್ಯಾಥೆಟರ್‌ ದುಬಾರಿ.

ಅವರ ನಿಜವಾದ ತಕರಾರು ಲೋಹದ ಬಗ್ಗೆ ತಾನೆ? ಹಾಗಿದ್ದರೆ ವೈದ್ಯರನ್ನು ಕೇಳಬೇಕಾದದ್ದು ಲೇಸರನ್ನಲ್ಲ, ಔಷಧ ಲೇಪಿತ ಬಲೂನನ್ನು. ಅದು ನಾಳದ ಗೋಡೆಗೆ ಔಷಧ ಹಚ್ಚಿ ಹೊರಗೆ ಬರುತ್ತದೆ, ಒಳಗೆ ಏನೂ ಉಳಿಯುವುದಿಲ್ಲ. ಸಣ್ಣ ನಾಳಗಳಿಗೆ ಒಪ್ಪುತ್ತದೆ. ದೊಡ್ಡ ನಾಳಕ್ಕಾದರೆ ಇಂದಿಗೂ ಸ್ಟೆಂಟ್‌ನದೇ ಮೇಲುಗೈ. ಅಂದಹಾಗೆ ಈಗಿನ ಸ್ಟೆಂಟ್‌ಗಳಲ್ಲಿ ಹೆಚ್ಚಿನವು ಕೋಬಾಲ್ಟ್ ಕ್ರೋಮಿಯಂನವು, ತುಕ್ಕು ಹಿಡಿಯುವ ಕಬ್ಬಿಣವಲ್ಲ ಎಂದು ಅವರಿಗೆ ಹೇಳಿ. ಆಂಜಿಯೋಗ್ರಾಮ್ ಸಿಡಿ ಹಿಡಿದು ಇನ್ನೊಬ್ಬ ಹೃದ್ರೋಗ ತಜ್ಞರಿಗೂ ತೋರಿಸಿ. ಈ ನಡುವೆ ಸುಮ್ಮನೆ ಕುಳಿತಾಗಲೂ ಎದೆ ಹಿಂಡಿ ಬೆವರು ಕಿತ್ತು ಬಂದರೆ ಎಲ್ಲ ಚರ್ಚೆ ಬದಿಗಿಟ್ಟು ಆಗಲೇ 108ಕ್ಕೆ ಕರೆ ಮಾಡಿ.