ಟಬ್ಬಿನಲ್ಲಿ ತಾವರೆ, ಹೊಂಡದಲ್ಲಿ ನೈದಿಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ, ಪುಣೆ, ಗೋವಾದ ಓದುಗರಿಂದ ನೀರಿನ ಹೂಗಿಡಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ. ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗಿನ ದಿನಗಳು ತಾವರೆ ಗೆಡ್ಡೆ ನೆಡಲು ಹೇಳಿಮಾಡಿಸಿದ ಹೊತ್ತು. ಆದ್ದರಿಂದ ಆ ಪ್ರಶ್ನೆಯೇ ಮೊದಲು.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ತಂದ ತಾವರೆ ಗೆಡ್ಡೆಯನ್ನು ಟೆರೇಸಿನ ಮೇಲೆ ಒಂದು ಅಡಿಯ ಚೌಕ ಟಬ್ಬಿನಲ್ಲಿ ಕೊಕೊಪೀಟ್, ಎರೆಗೊಬ್ಬರ ಬೆರೆಸಿ ನೆಟ್ಟೆ. ನಾಲ್ಕೈದು ಎಲೆ ತೇಲಿದವು, ಅಷ್ಟೇ. ನೀರು ಹಸಿರಾಗಿ ನಾತ ಹೊಡೆಯಿತು. ಡಿಸೆಂಬರಿನಲ್ಲಿ ಎಲೆಗಳೆಲ್ಲ ಹಳದಿಯಾಗಿ ಕೊಳೆತವು. ಗಿಡ ಸತ್ತಿತೆ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಎಲೆ ಹೋದ ಮಾತ್ರಕ್ಕೆ ಗಿಡ ಸತ್ತಿತೆನ್ನಬೇಡಿ. ಹಗಲು ಕಿರಿದಾಗಿ ಚಳಿ ಬಿದ್ದರೆ ತಾವರೆ ಎಲೆ ಉದುರಿಸಿ ಕೆಸರೊಳಗೆ ಮಲಗುತ್ತದೆ. ಪುಣೆಯ ಚಳಿಯಲ್ಲಿ ಇದು ಮುಂಬಯಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಕೆಸರಿಗೆ ಮೆಲ್ಲಗೆ ಕೈ ಹಾಕಿ ಗೆಡ್ಡೆ ಮುಟ್ಟಿ ನೋಡಿ. ಗಟ್ಟಿಯಾಗಿ, ಕೆನೆಬಣ್ಣಕ್ಕಿದ್ದರೆ ಜೀವವಿದೆ. ಕಪ್ಪಾಗಿ, ಹಿಸುಕಿದರೆ ಲೊಳಲೊಳ ಎಂದರೆ ಮುಗಿಯಿತು. ಮಲಗಿದ ಗೆಡ್ಡೆಯ ಮೇಲೆ ನಾಲ್ಕು ಬೆರಳು ನೀರು ಸದಾ ಇರಲಿ, ಗೊಬ್ಬರ ಮಾತ್ರ ಬೇಡ. ನಿದ್ದೆಯಲ್ಲಿರುವ ಗೆಡ್ಡೆ ಗೊಬ್ಬರ ಹೀರುವುದಿಲ್ಲ, ಕೊಳೆಯುತ್ತದೆ.

ಹೂ ಬರದಿದ್ದುದಕ್ಕೆ ಕಾರಣ ನೀವು ಬರೆದ ಪಟ್ಟಿಯಲ್ಲೇ ಇದೆ. ಕೊಕೊಪೀಟ್ ಹಗುರ, ನೀರು ಹೊಯ್ದರೆ ಮೇಲೇಳುತ್ತದೆ. ಬೇರಿಗೆ ಹಿಡಿತ ಸಿಗದು. ಎರೆಗೊಬ್ಬರದ ಸಾರ ನೀರಿಗಿಳಿದು ಪಾಚಿಯ ಊಟವಾಯಿತು, ತಾವರೆಗೆ ತಲುಪಲಿಲ್ಲ. ಉಳಿದ ಕಸರು ಗಾಳಿಯಿಲ್ಲದ ಕೆಸರಿನಲ್ಲಿ ಕೊಳೆತು ಆ ನಾತ ಎಬ್ಬಿಸಿತು. ಚೌಕ ಟಬ್ಬು ಮತ್ತೊಂದು ತೊಡಕು: ತಾವರೆಯ ಹಂಬು ಕೆಸರೊಳಗೆ ಗೋಡೆ ಹಿಡಿದು ಓಡುತ್ತದೆ, ಮೂಲೆ ಸಿಕ್ಕರೆ ಮೂತಿ, ಅಂದರೆ ಚಿಗುರುವ ತುದಿ, ಕುಟ್ಟಿಕೊಂಡು ಮುರಿಯುತ್ತದೆ. ಮೂತಿ ಮುರಿದ ಹಂಬು ಮುಂದೆ ಬೆಳೆಯದು.

ಈಗ ಹೀಗೆ ಮಾಡಿ. ತಳದಲ್ಲಿ ತೂತಿಲ್ಲದ ದುಂಡನೆಯ ಟಬ್ಬು ತನ್ನಿ. ಗಿಡ್ಡ ತಳಿಗೆ ಬಾಯಿ 50 ಸೆಂ.ಮೀ., ಆಳ 30–35 ಸೆಂ.ಮೀ. ಸಾಕು. ನಮ್ಮ ಕೆರೆಗಳ ದೊಡ್ಡ ತಾವರೆಗೆ 75–90 ಸೆಂ.ಮೀ. ಬಾಯಿ ಬೇಕೇ ಬೇಕು, ಅದಕ್ಕಿಂತ ಚಿಕ್ಕದರಲ್ಲಿ ಎಲೆ ನೋಡುತ್ತ ಕೂರಬೇಕಾದೀತು. ತಳಕ್ಕೆ ಎರಡು ಹಿಡಿ, ಕನಿಷ್ಠ ಒಂದು ವರ್ಷ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಎಲುಬಿನ ಪುಡಿ ಹರಡಿ. ಮೇಲೆ 15 ಸೆಂ.ಮೀ. ಮಣ್ಣು. ಈ ವಿಷಯದಲ್ಲಿ ಪುಣೆಯವರು ಅದೃಷ್ಟವಂತರು, ಸುತ್ತಲ ಹೊಲಗಳ ಎರೆಮಣ್ಣಿಗಿಂತ ಒಳ್ಳೆಯದನ್ನು ತಾವರೆ ಕೇಳುವುದಿಲ್ಲ. ಮಣ್ಣನ್ನು ಕಲ್ಲು, ಕಸ ತೆಗೆದು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ.

ಗೆಡ್ಡೆಯಲ್ಲಿ ಎರಡು-ಮೂರು ಗೆಣ್ಣು, ಮುರಿಯದ ಒಂದು ಮೂತಿಯಾದರೂ ಇರಬೇಕು. ಟಬ್ಬಿನ ಗೋಡೆಯ ಪಕ್ಕ ಅಡ್ಡ ಮಲಗಿಸಿ, ಮೂತಿ ನಡುಮಧ್ಯಕ್ಕೆ ತಿರುಗಿರಲಿ. ಮೈಮೇಲೆ 3–4 ಸೆಂ.ಮೀ. ಕೆಸರು ಎಳೆದು ಮೂತಿಯನ್ನು ಹೊರಗೆ ಬಿಡಿ. ಗೆಡ್ಡೆ ತೇಲದಂತೆ ನಡುವಿಗೊಂದು ಚಪ್ಪಟೆ ಕಲ್ಲು ಇಡಿ. ಮೊದಲು 5–8 ಸೆಂ.ಮೀ. ನೀರು ಸಾಕು, ನೀರು ತೆಳುವಾಗಿದ್ದರೆ ಬಿಸಿಲಿಗೆ ಬೇಗ ಬೆಚ್ಚಗಾಗಿ ಮೊಳಕೆ ಏಳುತ್ತದೆ. ಎಲೆ ಬಂದಂತೆ 15 ಸೆಂ.ಮೀ.ವರೆಗೆ ಏರಿಸಿ. ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು.

ಮೊದಲು ನಾಣ್ಯದಂಥ ಎಲೆ, ಆಮೇಲೆ ತೇಲುವ ಎಲೆ, ಕೊನೆಗೆ ನೀರಿನಿಂದ ಎದ್ದು ನಿಲ್ಲುವ ಎಲೆ: ಇದು ತಾವರೆಯ ಕ್ರಮ. ಎದ್ದು ನಿಂತ ಎಲೆ ಎರಡು-ಮೂರು ಕಾಣುವವರೆಗೆ ಗೊಬ್ಬರ ಮುಟ್ಟಬೇಡಿ. ಆಮೇಲೆ 20 ದಿನಕ್ಕೊಮ್ಮೆ ಅರ್ಧ ಚಮಚ ಡಿಎಪಿ ಎಂಬ ರಸಗೊಬ್ಬರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಗೆಡ್ಡೆಯಿಂದ ದೂರ, ಟಬ್ಬಿನ ಅಂಚಿನ ಕೆಸರಿನಲ್ಲಿ ಬೆರಳುದ್ದ ಆಳಕ್ಕೆ ಒತ್ತಿ. ಗೊಬ್ಬರವನ್ನು ನೀರಿಗೆ ಎರಚಿದರೆ ಪಾಚಿ ಸಾಕಿದಂತೆ, ಉಣಬೇಕಾದದ್ದು ಕೆಸರು. ಹಳದಿಯಾದ ಎಲೆಯ ದಂಟನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಕತ್ತರಿಸಿ. ದಂಟಿನೊಳಗಿನ ಗಾಳಿನಾಳಗಳು ಗೆಡ್ಡೆಯವರೆಗೂ ಹೋಗುತ್ತವೆ, ನೀರೊಳಗೆ ಕತ್ತರಿಸಿದರೆ ಅದೇ ದಾರಿಯಲ್ಲಿ ನೀರು ನುಗ್ಗಿ ಗೆಡ್ಡೆ ಕೊಳೆಯಬಹುದು.

ಪ್ರಶ್ನೆ: ಪೂಜಾ ಸಾಮಾನಿನ ಅಂಗಡಿಯ ಕಮಲ್ ಗಟ್ಟಾ ನೀರಿಗೆ ಹಾಕಿ ತಿಂಗಳಾಯಿತು, ಮೊಳೆಯಲಿಲ್ಲ. ಹುರಿದು ತಿನ್ನುವ ಮಖಾನವೂ ಇದೇ ಬೀಜವೇ?
— ಓದುಗರು, ಡೊಂಬಿವಲಿ

ಉತ್ತರ: ಕಮಲ್ ಗಟ್ಟಾ ತಾವರೆ ಬೀಜವೇ. ಸಿಪ್ಪೆ ಎಷ್ಟು ಬಿಗಿಯೆಂದರೆ ನೀರು ಒಳಗಿಳಿಯುವುದೇ ಇಲ್ಲ. ಈಶಾನ್ಯ ಚೀನಾದ ಬತ್ತಿದ ಕೆರೆಯ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ತಾವರೆ ಬೀಜವನ್ನು ವಿಜ್ಞಾನಿಗಳು ಮೊಳೆಯಿಸಿದ್ದಾರೆ. ಅಷ್ಟು ಕಾಲ ಜೀವ ಕಾದದ್ದರಲ್ಲಿ ಈ ಸಿಪ್ಪೆಯ ಪಾಲು ದೊಡ್ಡದು.

ನೀವು ಸಿಪ್ಪೆ ಉಜ್ಜಬೇಕು. ಬೀಜದ ಒಂದು ತುದಿಯಲ್ಲಿ ಸಣ್ಣ ಮೊನೆ, ಇನ್ನೊಂದರಲ್ಲಿ ಚಿಕ್ಕ ಗುಳಿ ಇರುತ್ತದೆ. ಗುಳಿಯ ತುದಿಯನ್ನು ಒರಟು ಸ್ಯಾಂಡ್‌ಪೇಪರಿಗೋ ಸಿಮೆಂಟ್ ನೆಲಕ್ಕೋ ತಿಕ್ಕಿ, ಕಪ್ಪು ಹೋಗಿ ಕೆನೆಬಣ್ಣ ಕಂಡೊಡನೆ ನಿಲ್ಲಿಸಿ. ಇನ್ನೂ ತಿಕ್ಕಿದರೆ ಒಳಗಿನ ಬೇಳೆ ಗಾಯಗೊಂಡು ಕೊಳೆಯುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಗಾಜಿನ ಲೋಟದೊಳಗೆ ಹಾಕಿ ದಿನವೂ ನೀರು ಬದಲಿಸಿ. ಒಂದೆರಡು ದಿನದಲ್ಲಿ ಬೀಜ ಊದುತ್ತದೆ, ವಾರದೊಳಗೆ ಹಸಿರು ಮೊಳಕೆ ಹೊರಬರುತ್ತದೆ. ತೇಲುತ್ತಲೇ ಉಳಿದವನ್ನು, ನೀರು ಬಿಳುಚಿಸಿದವನ್ನು ಎಸೆಯಿರಿ. ಎಳೆ ಬೇರು ಕಾಣಿಸಿದ ಮೇಲೆ ಅಂಗೈಯಗಲದ ಬಟ್ಟಲಿನ ಕೆಸರಿಗೆ, ಎಲೆ ಹೆಚ್ಚಿದಂತೆ ಟಬ್ಬಿಗೆ. ಜಪಮಾಲೆಯಿಂದ ಬಿಚ್ಚಿದ ಮಣಿ ತರಬೇಡಿ, ದಾರಕ್ಕೆಂದು ಕೊರೆದ ತೂತು ಮೊಳಕೆಯನ್ನೇ ಕೊಂದಿರುತ್ತದೆ. ಬೀಜದಿಂದ ಹೂವಿಗೆ ಸಾಮಾನ್ಯವಾಗಿ ಒಂದು ವರ್ಷವೋ ಹೆಚ್ಚೋ ಕಾಯಬೇಕು. ಬಣ್ಣವೂ ತಾಯಿಗಿಡದ್ದೇ ಎಂಬ ಭರವಸೆಯಿಲ್ಲ.

ಮಖಾನ ಬೇರೆ. ಅದು ನೈದಿಲೆಯ ಬಳಗದ, ಮುಳ್ಳೆಲೆಯ ಯೂರಿಯೇಲ್ ಫೆರಾಕ್ಸ್ ಎಂಬ ಗಿಡದ ಬೀಜ. ಬಿಹಾರದ ಮಿಥಿಲೆಯ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ.

ಪ್ರಶ್ನೆ: 'ಕಮಲ' ಎಂದು ಕೊಟ್ಟ ಗಿಡದ ಹೂವು ಬೆಳಗ್ಗೆ ಹತ್ತಕ್ಕೇ ಮುಚ್ಚಿಕೊಳ್ಳುತ್ತದೆ. ಏನು ಕೊರತೆ?
— ಓದುಗರು, ಘಾಟ್ಕೋಪರ್, ಮುಂಬಯಿ

ಉತ್ತರ: ಕೊರತೆ ಏನೂ ಇಲ್ಲ, ನಿಮ್ಮಲ್ಲಿರುವುದು ತಾವರೆಯಲ್ಲ, ಇರುಳು ಅರಳುವ ನೈದಿಲೆ. ತಾವರೆಗೆ ಸೂರ್ಯ, ನೈದಿಲೆಗೆ ಚಂದ್ರ ಎಂದು ನಮ್ಮ ಕವಿಗಳು ಜೋಡಿ ಮಾಡಿದ್ದು ಕಣ್ಣಾರೆ ಕಂಡೇ. ಎಲೆ ನೋಡಿದರೆ ಗೊತ್ತಾಗುತ್ತದೆ: ತಾವರೆ ಎಲೆಗೆ ಸೀಳಿಲ್ಲ, ದಂಟು ನಡುಮಧ್ಯಕ್ಕೆ ಸೇರುತ್ತದೆ, ನೀರು ಮಣಿಯಾಗಿ ಉರುಳುತ್ತದೆ. ನೈದಿಲೆ ಎಲೆಗೆ ಅಂಚಿನಿಂದ ದಂಟಿನವರೆಗೆ ಸೀಳು. ಎಲೆಯ ಅಂಚು ಗರಗಸದಂತಿದ್ದು ಅಡಿಯಲ್ಲಿ ನವಿರಾದ ರೋಮವಿದ್ದರೆ ನಿಂಫಿಯಾ ಪ್ಯುಬೆಸೆನ್ಸ್. ಬಿಳಿ ಅಥವಾ ಕೆಂಪು ಹೂ, ಸಂಜೆಯ ಮೇಲೆ ಅರಳಿ ಮರುದಿನ ಬಿಸಿಲೇರುವಾಗ ಮುಚ್ಚುತ್ತದೆ. ಹಗಲಲ್ಲಿ ಅರಳುವುದು ಬೇಕಿದ್ದರೆ ತಿಳಿನೀಲಿ ಹೂವಿನ ನಿಂಫಿಯಾ ನೌಚಾಲಿ, ನಮ್ಮ ನೀಲೋತ್ಪಲ. ದಿನವಿಡೀ ಆಫೀಸಿನಲ್ಲಿದ್ದು ಕತ್ತಲಾದ ಮೇಲೆ ಮನೆ ಸೇರುವವರಿಗೆ ಇರುಳಿನದೇ ಒಳ್ಳೆಯದು ಎನ್ನುತ್ತೇವೆ.

ಪ್ರಶ್ನೆ: ಬಾಲ್ಕನಿಯಲ್ಲಿ 60 ಲೀಟರಿನ ಟಬ್ಬು ಇಟ್ಟಿದ್ದೇನೆ. ಡೆಂಗಿ ಬರುತ್ತದೆ, ತೆಗೆಯಿರಿ ಎಂದು ಸೊಸೈಟಿಯವರು ಹೇಳುತ್ತಿದ್ದಾರೆ. ಮಧ್ಯಾಹ್ನದ ಮೇಲೆ ಮೂರು ತಾಸು ಬಿಸಿಲು ಬರುತ್ತದೆ.
— ಓದುಗರು, ಮುಲುಂಡ್, ಮುಂಬಯಿ

ಉತ್ತರ: ಸೊಸೈಟಿಯವರ ಹೆದರಿಕೆ ಸುಳ್ಳಲ್ಲ, ಆದರೆ ಪರಿಹಾರ ನಿಮ್ಮ ಕೈಯಲ್ಲಿದೆ. ಡೆಂಗಿ ಹರಡುವ ಏಡಿಸ್ ಸೊಳ್ಳೆ ಇಂಥ ತಿಳಿನೀರನ್ನೇ ಹುಡುಕುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಟಬ್ಬಿಗೆ ಮೂರು-ನಾಲ್ಕು ಸಣ್ಣ ಮೀನು ಬಿಟ್ಟರೆ ಮರಿಹುಳುಗಳನ್ನು ತಿಂದು ತೀರಿಸುತ್ತವೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್ಟಿನಲ್ಲಿ ಒಂದು ದಿನ ಬಿಸಿಲಿಗಿಟ್ಟು ಹೊಯ್ಯಿರಿ. ಮೀನು ಬೇಡವಾದರೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಹಾಕಿ. ಅದು ಮರಿಹುಳುಗಳನ್ನು ಕೊಲ್ಲುತ್ತದೆ, ಗಿಡಕ್ಕೂ ಮೀನಿಗೂ ತೊಂದರೆಯಿಲ್ಲ.

ಹಲವರು ಮರೆಯುವುದು ಟಬ್ಬಿನ ಅಂಚನ್ನು. ಏಡಿಸ್ ಮೊಟ್ಟೆ ಇಡುವುದು ನೀರಿಗೆ ತುಸು ಮೇಲೆ, ಒದ್ದೆ ಗೋಡೆಯ ಮೇಲೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ, ನೀರು ತಾಗಿದೊಡನೆ ಒಡೆಯುತ್ತವೆ. ವಾರಕ್ಕೊಮ್ಮೆ ನೀರಿನ ಮಟ್ಟದ ಸುತ್ತ ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ. ಪಕ್ಕದ ಕುಂಡಗಳ ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಿ.

ಭಾರದ ಲೆಕ್ಕವನ್ನೂ ಹಾಕಿ. ನೀರು ಲೀಟರಿಗೆ ಒಂದು ಕಿಲೋ, ಕೆಸರು ಅದಕ್ಕಿಂತ ಭಾರ. ನಿಮ್ಮ ಟಬ್ಬು ತುಂಬಿದಾಗ 70–80 ಕಿಲೋ ತೂಗಬಹುದು. ಬಾಲ್ಕನಿಯ ಹೊರತುದಿಗಲ್ಲ, ಮನೆಯ ಗೋಡೆಗೆ ತಾಗಿಸಿ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರರನ್ನು ಕೇಳದೆ ಎರಡನೆಯ ಟಬ್ಬು ಬೇಡ.

ಇನ್ನು ಬಿಸಿಲು. ಮೂರು ತಾಸಿನಲ್ಲಿ ತಾವರೆ ಹೂಬಿಡದು, ನೈದಿಲೆಯೂ ಕಷ್ಟ. ಈ ಜಾಗಕ್ಕೆ ನೀರುಬ್ರಾಹ್ಮಿ ಇಲ್ಲವೇ ಬಜೆ ನೆಡಿ. ಮಗುವಿಗೆ ತೇಯ್ದು ಕೊಡುವ ಬಜೆಯ ಬೇರು ಎಲ್ಲರಿಗೂ ಗೊತ್ತು, ಅದರ ಕತ್ತಿಯಂಥ ಹಸಿರು ಎಲೆ ಕಂಡವರು ಕಡಿಮೆ. ಬೇರಿನ ಮೇಲೆ ಎರಡು ಬೆರಳು ನೀರಿದ್ದರೆ ಅದಕ್ಕೆ ಸಾಕು.

ಪ್ರಶ್ನೆ: ಮನೆಯ ಹಿಂದೆ ಜಂಬಿಟ್ಟಿಗೆ ತೋಡಿದ ಹೊಂಡವಿದೆ, ಸುಮಾರು 4 ಮೀಟರ್ ಅಗಲ, ಒಂದು ಮೀಟರ್ ಆಳ. ಮಳೆಗಾಲದಲ್ಲಿ ಉಕ್ಕುತ್ತದೆ, ಮೇ ತಿಂಗಳಲ್ಲಿ ಬತ್ತುತ್ತದೆ. ಏನು ಬೆಳೆಸಬಹುದು?
— ಓದುಗರು, ಫೋಂಡಾ, ಗೋವಾ

ಉತ್ತರ: ಬತ್ತುತ್ತದೆಂದು ಬೇಸರ ಬೇಡ. ಗೋವಾದವರು ಸಾಳಕ ಎನ್ನುವ ಊರ ನೈದಿಲೆಗಳು ಇಂಥ ನೀರಿಗೇ ಒಗ್ಗಿದವು. ನೀರು ಇಳಿದಾಗ ಎಲೆ ಒಣಗುತ್ತದೆ, ಗೆಡ್ಡೆ ಬಿರಿದ ಕೆಸರಿನಡಿ ಕಾಯುತ್ತದೆ, ಮಳೆ ಬಿದ್ದ ಕೆಲವು ವಾರಗಳಲ್ಲಿ ಮತ್ತೆ ಎಲೆ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಹೊಂಡ ಕೆದಕಿ 'ಚೊಕ್ಕ' ಮಾಡುವಾಗ ಮೇಲಿನ ಒಂದು ಅಡಿ ಕೆಸರನ್ನು ಎತ್ತಿ ಎಸೆದರೆ ಮಾತ್ರ ಗಿಡ ಹೋದಂತೆಯೇ.

ಜಂಬಿಟ್ಟಿಗೆಯ ನೆಲದಲ್ಲಿ ಸಾರ ಕಡಿಮೆ, ಆದ್ದರಿಂದ ಕೆಸರನ್ನು ನೀವು ತರಬೇಕು. ಸಿಹಿನೀರಿನ ಗದ್ದೆಯ ಅಥವಾ ಕೆರೆಯ ಹೂಳು ಉತ್ತಮ. ಅಳಿವೆಯಂಚಿನ ಖಾಜಾನ್ ಗದ್ದೆಯ ಮಣ್ಣು ನೋಡಲು ಕಪ್ಪಗೆ, ನುಣ್ಣಗೆ ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ಉಬ್ಬರದ ಉಪ್ಪು ಸೇರಿರುತ್ತದೆ. ಉಪ್ಪಿಗೆ ನೈದಿಲೆಯ ಎಲೆಯಂಚು ಸುಟ್ಟಂತೆ ಕಂದಾಗಿ ಗಿಡ ಕುಗ್ಗುತ್ತದೆ. ಇಡೀ ಹೊಂಡಕ್ಕೆ ಹೂಳು ಸುರಿಯುವ ಬದಲು ತಳದಲ್ಲಿ ಕಲ್ಲು ಜೋಡಿಸಿ ಮೂರು ಮಡಿ ಮಾಡಿ, ಒಂದೊಂದರಲ್ಲಿ 20–25 ಸೆಂ.ಮೀ. ಕೆಸರು ತುಂಬಿ. ಉಕ್ಕುವಾಗ ಕೊಚ್ಚಿಹೋಗುವುದಿಲ್ಲ. ಮೊದಲ ಮಳೆ ಬಿದ್ದು ಒಂದು ಗೇಣು ನೀರು ನಿಂತಾಗ ಗೆಡ್ಡೆ ನೆಡಿ, ಚಿಗುರುವ ತಲೆ ಕೆಸರಿನ ಮಟ್ಟಕ್ಕೇ ಇರಲಿ. ಹೂತರೆ ಕೊಳೆಯುತ್ತದೆ. ಗಿಡಗಳ ನಡುವೆ ಒಂದು ಮೀಟರ್ ಬಿಡಿ. ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಎಲೆ ಮುಚ್ಚಿದರೆ ತೆಳುಗೊಳಿಸಿ.

ಅಂಚಿನ ತೆಳುನೀರಿಗೆ ನಿಂಫಾಯ್ಡಿಸ್ ಇಂಡಿಕಾ ಹಾಕಿ. ಚಿಕ್ಕ ಬಿಳಿ ಹೂವು, ಎಸಳ ತುಂಬ ನೂಲಿನಂಥ ರೋಮ. ಸಾತಾರಾ ಬಳಿಯ ಕಾಸ್ ಪಠಾರದ ಕುಮುದಿನಿ ಕೆರೆಗೆ ಹೆಸರು ತಂದದ್ದು ಇದೇ. ಆದರೆ ಅಲ್ಲಿಂದ ಕಿತ್ತು ತರಬೇಡಿ. ಕಾಸ್ 2012ರಿಂದ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳಲ್ಲೊಂದು. ನೆರೆಯವರ ಹೊಂಡದಲ್ಲಿದ್ದರೆ ಬೇರು ಬಿಟ್ಟ ಒಂದು ಎಲೆ ಕೇಳಿ ಪಡೆದರೂ ಗಿಡವಾಗುತ್ತದೆ.

ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅಂಡಾಕಾರದ ತೂತುಗಳು ಕಂಡರೆ ಅದೊಂದು ಪತಂಗದ ಹುಳುವಿನ ಕೆಲಸ. ಕತ್ತರಿಸಿದ ಎಲೆತುಂಡುಗಳನ್ನೇ ಹೊದ್ದು ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಕೈಯಿಂದ ಹೆಕ್ಕಿ ತೆಗೆಯಿರಿ. ಕಪ್ಪು ಹೇನು ಮುತ್ತಿದರೆ ನೀರು ಚಿಮ್ಮಿಸಿ ಬೀಳಿಸಿ, ಮೀನು ತಿನ್ನುತ್ತವೆ. ಕೀಟನಾಶಕ ಬೇಡವೇ ಬೇಡ, ಮೀನೂ ಕಪ್ಪೆಯೂ ಸಾಯುತ್ತವೆ.

ನಿಮ್ಮ ಹೊಂಡ ಉಕ್ಕುತ್ತದೆ ಎಂದಿರಿ. ಇದನ್ನು ನಾವು ಒತ್ತಿ ಹೇಳಬೇಕು: ಅದಕ್ಕೆ ಹಾಕಿದ್ದೆಲ್ಲ ಮಳೆಗಾಲದಲ್ಲಿ ಗದ್ದೆಗೆ, ಹಳ್ಳಕ್ಕೆ ಹೋಗುತ್ತದೆ. ನೇರಳೆ ಹೂವು ಚೆಂದವೆಂದು ಜಲಪರ್ಣಿ (ವಾಟರ್ ಹಯಸಿಂತ್) ತರಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಆ ಕಳೆ ಪುಣೆಯ ಮುಳಾ-ಮುಠಾ ಹೊಳೆಗಳನ್ನೂ ಮುಂಬಯಿಯ ಪೊವಾಯ್ ಕೆರೆಯನ್ನೂ ಹೇಗೆ ಮುಚ್ಚಿತೆಂದು ಅಲ್ಲಿನವರೆಲ್ಲ ಕಂಡಿದ್ದಾರೆ. ಗಪ್ಪಿ ಮೀನೂ ಬೇಡ, ಅದು ಟಬ್ಬಿಗಷ್ಟೇ ಸರಿ. ನಿಮ್ಮೂರ ತೋಡಿನಲ್ಲೇ ನೀರಿನ ಮೇಲ್ಪದರದಲ್ಲಿ ತೇಲುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆಯಿರುವ ಸಣ್ಣ ಮೀನು ಸಿಗುತ್ತದೆ. ಸೊಳ್ಳೆಮರಿ ತಿನ್ನುವುದರಲ್ಲಿ ಅದು ಗಟ್ಟಿಗ. ಮಳೆ ಹಿಡಿದ ಮೇಲೆ ಹತ್ತು ಮೀನು ಬಿಡಿ, ಏಪ್ರಿಲ್‌ನಲ್ಲಿ ನೀರು ಮೊಣಕಾಲಿಗಿಂತ ಕೆಳಗಿಳಿದಾಗ ಹಿಡಿದು ಒಂದು ಡ್ರಮ್ಮಿಗೆ ಸಾಗಿಸಿ.